ಎರವಲು ತಂದ ಶಭಾಷ್

ಪೂರ್ವ ಯುರೋಪಿನ ಯೆಹೂದಿಗಳ ಮನೆಮಾತು ಯಿಡ್ಡಿಷ್. ಅದರ ಕಟ್ಟು ಜರ್ಮನ್ ನುಡಿಯದು, ಲಿಪಿ ಹೀಬ್ರೂ. ದೇವರು, ಓದು, ಪಾಪಪುಣ್ಯದ ಮಾತುಗಳು ಹೀಬ್ರೂ ಮತ್ತು ಅರಮಾಯಿಕ್‌ನಿಂದ ಬಂದರೆ ಅಜ್ಜಿ, ಬಾತುಕೋಳಿ, ಕೆಸರು ಸ್ಲಾವಿಕ್ ನೆರೆಹೊರೆಯಿಂದ ಬಂದವು. ರಷ್ಯನ್‌ನಿಂದ ಬಂದದ್ದೆಂದು ಹೇಳುವ ‘ಮೊಲೊದ್ಯೆತ್ಸ್’ ಎಂಬ ಮೆಚ್ಚುಗೆಯ ಮಾತೂ ಅಲ್ಲಿದೆ. ನಮ್ಮ ‘ಶಭಾಷ್’ ಅನ್ನಿ, ‘ಗಟ್ಟಿಗ’ ಅನ್ನಿ. ದನಿ ತುಸು ಬದಲಾದರೆ ‘ಮಾಡಿದೆಯಲ್ಲ ಘನಂದಾರಿ ಕೆಲಸ’ ಅಂತಲೂ ಆಗುತ್ತದೆ. ಈ ಒಂದು ಮಾತಿನ ಮೇಲೆ ಇಬ್ಬರು ಜಗಳಕ್ಕೆ ಬಿದ್ದರು. ಒಬ್ಬರು ಎಪ್ಪತ್ತರ ದಶಕದಲ್ಲಿ ಖಾರ್ಕೊವ್‌ಗೆ ಹೋಗಿ ಎಂಜಿನಿಯರಿಂಗ್ ಓದಿ ಬಂದ ಹಿರಿಯರು. ಇನ್ನೊಬ್ಬಳು ಅವರ ತಮ್ಮನ ಮಗಳು, ಭಾಷಾವಿಜ್ಞಾನದ ವಿದ್ಯಾರ್ಥಿನಿ, ಈಗ ಯಿಡ್ಡಿಷ್ ಕಲಿಯುತ್ತಿದ್ದಾಳೆ. ನಡುವೆ ಬಾಯಿ ಹಾಕದೆ ಕೂತಿದ್ದು ನಾನು.

ಹುಡುಗಿ: ದೊಡ್ಡಪ್ಪ, ನಿಮ್ಮ ರಷ್ಯನ್ ಮಾತೊಂದು ನನ್ನ ಪಾಠದಲ್ಲಿ ಸಿಕ್ತು. ಓದ್ತಿದ್ದ ಹಾಗೇ ಸಿಟ್ಟು ಬಂತು.

ದೊಡ್ಡಪ್ಪ: ಮೊಲೊದ್ಯೆತ್ಸ್‌ಗೆ ಸಿಟ್ಟೇ? ಅದೇನು ಬೈಗುಳ ಅಲ್ಲವಲ್ಲ! ಖಾರ್ಕೊವ್‌ನಲ್ಲಿ ಮೊದಲನೇ ವರ್ಷದ ಬಾಯಿಪರೀಕ್ಷೆ ಆದ ಮೇಲೆ ನಮ್ಮ ಮೇಷ್ಟರು ಅದೊಂದೇ ಮಾತು ಹೇಳಿ ಎದ್ದು ಹೋದ್ರು. ಬರೆಯೋದು ‘ಮೊಲೊ’, ಆದ್ರೆ ರಷ್ಯನ್ನರ ಬಾಯಲ್ಲಿ ಒತ್ತು ಬೀಳದ ‘ಒ’ ‘ಅ’ ಆಗಿಬಿಡುತ್ತೆ. ‘ಮಲದ್ಯೆತ್ಸ್’. ಅಂಕಪಟ್ಟಿ ಎಲ್ಲಿ ಹೋಯ್ತೋ, ಆ ದನಿ ಇನ್ನೂ ಕಿವೀಲಿದೆ.

ಹುಡುಗಿ: ಬೈಗುಳ ಆಗಿದ್ರೆ ನನಗೇನೂ ಅನ್ನಿಸ್ತಿರಲಿಲ್ಲ. ಬೈಗುಳ ಯಾರ ಹತ್ರ ಬೇಕಾದ್ರೂ ಕಲೀಬಹುದು, ಹೆಚ್ಚಾಗಿ ಹೊಡೆದವರ ಹತ್ರಾನೇ ಕಲಿಯೋದು. ಆದ್ರೆ ಮಕ್ಕಳ ಬೆನ್ನು ತಟ್ಟೋ ಮಾತನ್ನೂ ಅವರ ಹತ್ರಾನೇ ತರಬೇಕಿತ್ತಾ? 1827ರಲ್ಲಿ ಒಂದನೇ ನಿಕೊಲಾಯ್ ದೊರೆ ಹೊರಡಿಸಿದ ಆಜ್ಞೆ ನೋಡಿ. ಹನ್ನೆರಡರಿಂದ ಇಪ್ಪತ್ತೈದರ ಒಳಗಿನ ಯೆಹೂದಿ ಗಂಡುಮಕ್ಕಳು ಸೈನ್ಯಕ್ಕೆ. ಚಿಕ್ಕವರನ್ನ ಮೊದಲು ಕ್ಯಾಂಟನಿಸ್ಟ್ ಅನ್ನೋ ಸೈನಿಕ ಶಾಲೆಗೆ ಹಾಕೋದು. ಆಮೇಲೆ 25 ವರ್ಷ ಚಾಕರಿ, ಆ ಲೆಕ್ಕ ಶುರುವಾಗೋದು ಹದಿನೆಂಟು ತುಂಬಿದ ಮೇಲೆ. ತಲೆಲೆಕ್ಕ ಭರ್ತಿ ಮಾಡೋಕೆ ಮಕ್ಕಳನ್ನ ಹಿಡ್ಕೊಂಡು ಹೋಗ್ತಿದ್ದವರಿಗೆ ಯಿಡ್ಡಿಷ್‌ನಲ್ಲಿ ‘ಖಾಪೆರ್’ ಅಂತ ಹೆಸರೇ ಇದೆ. ಈ ಕ್ಯಾಂಟನಿಸ್ಟ್ ಪದ್ಧತಿ ನಿಂತಿದ್ದು 1856ರಲ್ಲಿ. ಆ ಸೈನ್ಯದ ಕವಾಯತಿನಲ್ಲಿ ಅಧಿಕಾರಿ ಏನಂತ ಕೂಗ್ತಿದ್ದ, ನೀವೇ ಹೇಳಿ.

ದೊಡ್ಡಪ್ಪ: ‘ಮಲತ್ಸೀ, ರಿಬ್ಯಾತ!’ ಶಭಾಷ್ ಹುಡುಗರಾ, ಅಂತ.

ಹುಡುಗಿ: ಅದಕ್ಕೆ ಸಿಪಾಯಿಗಳು?

ದೊಡ್ಡಪ್ಪ: ಎಲ್ಲರೂ ಒಂದೇ ಉಸಿರಲ್ಲಿ ‘ರಾದಿ ಸ್ತರಾತ್ಸ!’ ದುಡಿಯೋಕೆ ಸಂತೋಷ ಅಂತ.

ಹುಡುಗಿ: ಹೊಗಳಿಸಿಕೊಂಡವನು ಏನನ್ನಬೇಕು ಅನ್ನೋದೂ ಹುಕುಂ! ಇದನ್ನ ಮೆಚ್ಚುಗೆ ಅಂತೀರಾ?

ದೊಡ್ಡಪ್ಪ: ತಡಿಯಮ್ಮ, ನೀನು ಕತೆ ಕಟ್ತಿದ್ದೀಯ. ಮಾತು ಕವಾಯತು ಮೈದಾನದಿಂದಲೇ ಬಂತು ಅನ್ನೋದಕ್ಕೆ ಏನು ದಾಖಲೆ? ರಷ್ಯ ಅಂದ ತಕ್ಷಣ ನಿನ್ನ ಕಣ್ಣಿಗೆ ದೊರೆ, ಸಿಪಾಯಿ ಇಷ್ಟೇ ಕಾಣ್ತಾರೆ. 1772ರಿಂದ 1795ರೊಳಗೆ ಮೂರು ಸಲ ಪೋಲೆಂಡನ್ನ ಹಂಚಿಕೊಂಡ್ರಲ್ಲ, ಆಗ ಅಲ್ಲಿನ ಎಷ್ಟೋ ಯೆಹೂದಿಗಳು ಕೂತಲ್ಲೇ ರಷ್ಯದ ಪ್ರಜೆಗಳಾದ್ರು. 1791ರಿಂದ ಅವರು ಪಶ್ಚಿಮದ ಪ್ರಾಂತಗಳ ಗಡಿಯೊಳಗೇ ಇರಬೇಕು ಅಂತ ಕಾಯಿದೆ, ಅದು ಪೂರ್ತಿ ಹೋಗಿದ್ದು 1917ರಲ್ಲಿ. ಆ ಗಡಿಯೊಳಗೆ ಅವರ ನೆರೆಯವರು ಯಾರು? ಉಕ್ರೇನಿನ ರೈತ, ಬೆಲಾರುಸ್‌ನ ಮರಕಡಿಯೋನು, ಪೋಲೆಂಡಿನ ಗಾಡಿಯೋನು. ಉಕ್ರೇನಿಯನ್‌ನಲ್ಲೂ ‘ಮೊಲೊದೆತ್ಸ್’ ಇದೆ ಕಣೇ, ಅವರು ‘ಒ’ವನ್ನ ‘ಒ’ ಅಂತಲೇ ಅಂತಾರೆ. ಸಂತೇಲಿ ಮೂಟೆ ಎತ್ತಿ ಗಾಡಿಗೆ ಹಾಕಿದ ಯೆಹೂದಿ ಹುಡುಗನಿಗೆ ಆ ರೈತ ಅಂದಿರಬಹುದಲ್ಲ?

ಹುಡುಗಿ: ಅಂದಿರಬಹುದು. ನಿಮ್ಮದೂ ಕಟ್ಟಿದ ಕತೆಯೇ.

ದೊಡ್ಡಪ್ಪ: ಹೌದು, ನನ್ನದೂ ಕತೆಯೇ. ಆದ್ರೆ ನಿನ್ನ ಕತೇಲಿ ಅಧಿಕಾರಿ ಒಬ್ಬನೇ ಮಾತಾಡ್ತಾನೆ, ನನ್ನದರಲ್ಲಿ ಇಬ್ಬರು ಮಾತಾಡ್ತಾರೆ.

(ಇಲ್ಲಿಂದ ‘ಒ’ ಮೇಲೋ ‘ಅ’ ಮೇಲೋ ಎಂದು ಸುಮಾರು ಹೊತ್ತು ನಡೆಯಿತು. ಓದುಗರಿಗೆ ಅದು ಬೇಡ. ಒಟ್ಟಿನಲ್ಲಿ ‘ರಷ್ಯನ್‌ನಿಂದ ಬಂದದ್ದು’ ಎಂಬ ಮಾತಿಗೇ ಸ್ವಲ್ಪ ಅಲುಗಾಟ ಇದೆ ಎಂಬಲ್ಲಿಗೆ ಇಬ್ಬರೂ ಬಂದರು.)

ಹುಡುಗಿ: ಆಯ್ತು, ರೈತನೇ ಅಂದ ಅಂತ ಇಟ್ಕೊಳ್ಳೋಣ. ಯೆಹೂದಿಗಳ ಮನೇಲಿ ಮೆಚ್ಚುಗೆ ಮಾತೇ ಇರಲಿಲ್ವಾ? 1897ರ ರಷ್ಯನ್ ಜನಗಣತಿ ಪ್ರಕಾರ ಆ ಸಾಮ್ರಾಜ್ಯದಲ್ಲಿ 52 ಲಕ್ಷ ಯೆಹೂದಿಗಳು, ನೂರಕ್ಕೆ 97 ಜನರ ತಾಯ್ನುಡಿ ಯಿಡ್ಡಿಷ್. ಅಷ್ಟು ಜನ ನಿತ್ಯ ಆಡೋ ಭಾಷೆ. ‘ಯಾಶೆರ್ ಕೋಯೆಖ್’ ಇತ್ತು, ನಿನ್ನ ಬಲ ನೆಟ್ಟಗಿರಲಿ ಅಂತ. ಅದು ಬಂದಿರೋದು ಎಲ್ಲಿಂದ ಗೊತ್ತಾ? ತಾಲ್ಮುದ್ ಅನ್ನೋ ಅವರ ಧರ್ಮಗ್ರಂಥದಲ್ಲಿ ಒಂದು ವ್ಯಾಖ್ಯಾನ ಇದೆ. ಜನ ಚಿನ್ನದ ಕರುವನ್ನ ಪೂಜೆ ಮಾಡ್ತಿದ್ದಿದ್ದನ್ನ ಕಂಡು ಮೋಶೆ ದೇವರು ಕೊಟ್ಟ ಕಲ್ಲಿನ ಹಲಗೆಗಳನ್ನ ಒಡೆದ. ಅದಕ್ಕೆ ದೇವರು ಬೈಯಲಿಲ್ಲ, ಒಡೆದಿದ್ದಕ್ಕೆ ನಿನ್ನ ಬಲ ನೆಟ್ಟಗಿರಲಿ ಅಂದ! ಇಂಥ ಮಾತು ಮನೇಲಿಟ್ಟುಕೊಂಡು ರೈತನ ಹತ್ರ ಯಾಕೆ ಕೈ ಚಾಚಬೇಕು?

ದೊಡ್ಡಪ್ಪ: ಇದು ನನಗೆ ಗೊತ್ತಿರಲಿಲ್ಲ, ಚೆನ್ನಾಗಿದೆ. ಆದ್ರೆ ಆ ಮಾತನ್ನ ಎಲ್ಲಿ ಹೇಳ್ತಿದ್ರು?

ಹುಡುಗಿ: ಮುಖ್ಯವಾಗಿ ಸಿನಗಾಗ್‌ನಲ್ಲಿ, ಅಂದ್ರೆ ಅವರ ಪ್ರಾರ್ಥನಾಮಂದಿರದಲ್ಲಿ. ಅವರ ಪವಿತ್ರಗ್ರಂಥ ತೋರಾ ಓದೋಕೆ ಕರೆಸಿಕೊಂಡವನು ಓದು ಮುಗಿಸಿ ಇಳಿದ ಮೇಲೆ.

ದೊಡ್ಡಪ್ಪ: ಅಲ್ಲಿಗೆ ಬಂತು ನೋಡು. ಗ್ರಂಥ ಓದಿದವನಿಗೆ ಒಂದು ಮಾತಿದೆ. ತುಂಬಿದ ಹೊಳೆ ಈಜಿ ಬಂದವನಿಗೆ, ಕೆರಳಿದ ಕುದುರೆ ಹಿಡಿದವನಿಗೆ? ಆ ಸಮಾಜದಲ್ಲಿ ದೊಡ್ಡ ಮನುಷ್ಯ ಅಂದ್ರೆ ಓದಿದವನು. ಮೈಕಟ್ಟು, ಮೀಸೆ, ಧೈರ್ಯ ಇವೆಲ್ಲ ಹೊರಗಿನವರ ಸಾಮಾನು. ಆ ಗುಣ ತಮ್ಮ ಹುಡುಗನಲ್ಲೇ ಕಂಡಾಗ ಅದನ್ನ ಕರೆಯೋಕೆ ಹೊರಗಿನ ಹೆಸರೇ ಸಿಕ್ತು. ಅಂಗಡಿ ಸಾಮಾನು ಮನೆಗೆ ಬಂದಾಗ ಅದರ ಹೆಸರೂ ಜೊತೇಲೇ ಬರುತ್ತಲ್ಲ, ಹಾಗೆ. ಐಸಾಕ್ ಬಾಶೆವಿಸ್ ಸಿಂಗರ್ 1978ರಲ್ಲಿ ನೊಬೆಲ್ ತಗೊಂಡಾಗ ತನ್ನ ಭಾಷಣದಲ್ಲಿ ಏನು ಹೇಳಿದ? ಯಿಡ್ಡಿಷ್‌ನಲ್ಲಿ ಆಯುಧಗಳಿಗೆ, ಯುದ್ಧತಂತ್ರಕ್ಕೆ ಪದವೇ ಇಲ್ಲ ಅಂತ ಹೆಮ್ಮೆಯಿಂದ ಹೇಳಿದ.

ಹುಡುಗಿ: ಅದು ಸಭೆಗೆ ಹೇಳಿದ ಮಾತು ದೊಡ್ಡಪ್ಪ. ನಿಘಂಟು ತೆಗೀರಿ, ಬಂದೂಕಿಗೆ ‘ಬಿಕ್ಸ್’ ಇದೆ, ಫಿರಂಗಿಗೆ ‘ಹಾರ್ಮಾಟ್’ ಇದೆ. ಮೊದಲನೇದು ಜರ್ಮನ್ ಮೂಲದ್ದು, ಎರಡನೇದು ಸ್ಲಾವಿಕ್ ಕಡೆಯದು. 1943ರಲ್ಲಿ ವಿಲ್ನಾದಲ್ಲಿ ಹಿರ್ಶ್ ಗ್ಲಿಕ್ ಬರೆದ ಗೆರಿಲ್ಲಾ ಹೋರಾಟಗಾರರ ಹಾಡು ಯಿಡ್ಡಿಷ್‌ನಲ್ಲೇ ಇರೋದು.

ದೊಡ್ಡಪ್ಪ: ಎರಡೂ ಹೊರಗಿಂದಲೇ ಬಂದಿವೆ ಅಂತ ನೀನೇ ಹೇಳ್ತಿದ್ದೀಯ. ಒದೆಸ್ಸಾದ ಐಸಾಕ್ ಬಾಬೆಲ್‌ನನ್ನ ನೋಡು. 1894ರಲ್ಲಿ ಹುಟ್ಟಿದವನು, ಯಿಡ್ಡಿಷ್ ಬಲ್ಲವನು, ಬರೆದಿದ್ದು ಮಾತ್ರ ರಷ್ಯನ್‌ನಲ್ಲಿ. ಬೇನ್ಯಾ ಕ್ರಿಕ್ ಅಂತ ಒಬ್ಬ ಯೆಹೂದಿ ದರೋಡೆಕೋರನನ್ನ ಮೆರೆಸಿದ. ಓದಿ ಓದಿ ಕನ್ನಡಕ ಹಾಕ್ಕೊಂಡ ಹುಡುಗನಿಗೆ ಅಂಥ ರೌಡಿ ಮೇಲೆ ಎಷ್ಟು ಆಸೆ! ಆ ಕತೆಗಳಲ್ಲಿ ಇರೋದೇ ಮೊಲೊದ್ಯೆತ್ಸ್‌ನ ಹಸಿವು.

ಹುಡುಗಿ: ಬಾಬೆಲ್‌ನನ್ನ 1940ರಲ್ಲಿ ಗುಂಡಿಕ್ಕಿ ಕೊಂದ್ರು. ಕೊಂದವರೂ ಅದೇ ರಷ್ಯನ್ ಆಡ್ತಿದ್ದವರು.

ದೊಡ್ಡಪ್ಪ: ಗೊತ್ತು. ಅಲ್ಲಿಗೂ ಬರೋಣ. ಅದಕ್ಕೂ ಮೊದಲು ಒಂದು ಮಾತು. ಈ ‘ಮೊಲೊದ್’ ಅಂದ್ರೆ ಎಳೆಯ ಅಂತ. ಬೇರು ಹುಡುಕ್ತಾ ಹೋದ್ರೆ ಸಂಸ್ಕೃತದ ‘ಮೃದು’ ಅದರ ದಾಯಾದಿ. ನೀನು ಇಷ್ಟು ಹೊತ್ತಿಂದ ಬೂಟುಗಾಲಿನ ಮಾತು ಅಂತ ಬೈತಿರೋದು ನಮ್ಮ ಮೃದುವನ್ನ.

ಹುಡುಗಿ: ಹಾಗಾದ್ರೆ ಇನ್ನೂ ಅನ್ಯಾಯ, ಮೃದುವಾಗಿದ್ದಿದ್ದನ್ನ ಕವಾಯತಿಗೆ ನಿಲ್ಲಿಸಿದ್ರು! ನಗಬೇಡಿ. ಇನ್ನೊಂದಿದೆ. ರಷ್ಯನ್‌ನಲ್ಲಿ ಹುಡುಗಿಗೂ ‘ಮಲದ್ಯೆತ್ಸ್’ ಅಂತಲೇ ಅನ್ನಬೇಕು, ಅಲ್ವಾ? ಪುಲ್ಲಿಂಗದಲ್ಲೇ.

ದೊಡ್ಡಪ್ಪ: ಹೂಂ. ‘ಅನಾ ಮಲದ್ಯೆತ್ಸ್’, ಅವಳು ಗಟ್ಟಿಗ.

ಹುಡುಗಿ: ಹೆಣ್ಣು ಗೆದ್ದರೂ ಗಂಡಿನ ಅಂಗಿ ತೊಟ್ಟೇ ಬಹುಮಾನ ಇಸ್ಕೋಬೇಕು. ನಮ್ಮಲ್ಲೂ ‘ಗಂಡುಮಗ ಇದ್ದ ಹಾಗೆ ಇದ್ದಾಳೆ ಕಣ್ರೀ’ ಅಂತಾರಲ್ಲ, ನನಗೆ ಹತ್ತು ಸಲ ಅಂದಿದ್ದಾರೆ. ನೀವೂ ಅಂದಿದ್ದೀರಿ.

ದೊಡ್ಡಪ್ಪ: ಅಂದಿರಬಹುದು... ಪ್ರೀತಿಗೆ.

ಹುಡುಗಿ: ಪ್ರೀತಿಗೇ. ಅದಕ್ಕೇ ಉತ್ತರ ಕೊಡೋಕೆ ಕಷ್ಟ.

ದೊಡ್ಡಪ್ಪ: ಸರಿ, ಈಗ ನಾನೊಂದು ಕೇಳ್ತೀನಿ. ‘ಶಭಾಷ್’ ಯಾರದು? ಪಾರ್ಸಿಯ ‘ಶಾದ್ ಬಾಶ್’, ಸಂತೋಷವಾಗಿರು ಅಂತ. ಅಮಲ್ದಾರ, ಶಿರಸ್ತೇದಾರ, ಜಪ್ತಿ, ಜುಲ್ಮಾನೆ ಇವೆಲ್ಲ ಬಂದಿದ್ದೂ ಅದೇ ಪಾರ್ಸಿಯ ದಫ್ತರದಿಂದ. ಜುಲ್ಮಾನೆ ಹಾಕಿದವನ ಬಾಯಿಂದ ಬಂದಿದ್ದು ಅಂತ ನಮ್ಮಜ್ಜಿ ‘ಶಭಾಷ್ ಮಗನೇ’ ಅನ್ನೋದನ್ನ ಬಿಟ್ಟಳಾ? ಯಿಡ್ಡಿಷ್‌ನಲ್ಲೂ ‘ನಚಾಲ್ನಿಕ್’, ‘ಪ್ರಿಸ್ತಾವ್’ ಅಂತ ರಷ್ಯನ್ ಅಧಿಕಾರಿಗಳ ಹೆಸರು ತುಂಬಿವೆ. ಅವುಗಳ ಪಕ್ಕದಲ್ಲೇ ಇದೂ ಕೂತಿದೆ.

ಹುಡುಗಿ: ಅಜ್ಜಿಗೆ ಅದು ಪಾರ್ಸಿ ಅಂತ ಗೊತ್ತಿರಲಿಲ್ಲ, ಅದು ಬೇರೆ. ಯಿಡ್ಡಿಷ್‌ನವರಿಗೆ ಯಾವ ಮಾತು ಯಾವ ಕಡೆಯಿಂದ ಬಂತು ಅನ್ನೋ ಅರಿವು ಬಹಳ ಚುರುಕು. ಒಂದೇ ವಾಕ್ಯದಲ್ಲಿ ಮೂರು ಭಾಷೆ ಇದ್ರೆ ಮೂರರ ವಾಸನೆಯೂ ಅವರಿಗೆ ಬೇರೆ ಬೇರೆ ಹತ್ತುತ್ತೆ. ಅವರ ಹಾಸ್ಯ ನಿಂತಿರೋದೇ ಅದರ ಮೇಲೆ. ‘ಖೋಖೆಮ್’ ಅಂದ್ರೆ ಜ್ಞಾನಿ, ಹೀಬ್ರೂ ಮಾತು. ಮನೇಲಿ ಯಾರಿಗಾದ್ರೂ ಹಾಗಂದ್ರೆ ಎಷ್ಟೋ ಸಲ ಶತಮೂರ್ಖ ಅಂತ ಅರ್ಥ. ‘ಮೆಟ್ಸಿಯೆ’ ಅಂದ್ರೆ ಅಗ್ಗಕ್ಕೆ ಸಿಕ್ಕ ಒಳ್ಳೇ ಮಾಲು. ‘ಮಹಾ ಮೆಟ್ಸಿಯೆ’ ಅಂತ ಮೂಗು ಮುರಿದ್ರೆ ಕೆಲಸಕ್ಕೆ ಬಾರದ್ದು. ಇಂಥವರ ಬಾಯಿಗೆ ಬಿದ್ದ ಮೇಲೆ ಮೊಲೊದ್ಯೆತ್ಸ್ ಮಾತ್ರ ನೆಟ್ಟಗೆ ಉಳಿದಿರುತ್ತಾ?

ದೊಡ್ಡಪ್ಪ: ಹಾಗಾದ್ರೆ ಒಳ್ಳೇದೇ ಆಯ್ತಲ್ಲ! ಅಧಿಕಾರಿಯ ಶಭಾಷನ್ನ ಅಡುಗೆಮನೆಗೆ ತಂದು ಗೇಲಿಗೆ ಬಳಸಿದ್ರೆ ಆ ಮಾತಿನ ಯಜಮಾನ ಯಾರು? ನಿನ್ನ ವಾದ ನೀನೇ ಬಿಟ್ಟುಕೊಟ್ಟೆ.

ಹುಡುಗಿ: ಗೇಲಿ ಮಾಡೋದು ಯಜಮಾನಿಕೆ ಅಲ್ಲ, ಬೇರೆ ದಾರಿ ಇಲ್ಲದವರು ಮಾಡೋದು ಅದು. ಈಗ ಬಿಟ್ಟ ಮಾತಿಗೆ ಬರ್ತೀನಿ. 1920ರ ದಶಕದಲ್ಲಿ ಸೋವಿಯತ್ ಸರ್ಕಾರ ಯಿಡ್ಡಿಷ್ ಶಾಲೆ ತೆರೀತು, ಪತ್ರಿಕೆ, ನಾಟಕಶಾಲೆ ನಡೆಸಿತು, ಅದನ್ನ ಒಪ್ತೀನಿ. ಆದ್ರೆ ಹೀಬ್ರೂ ಮೂಲದ ಮಾತುಗಳ ಸಾಂಪ್ರದಾಯಿಕ ಕಾಗುಣಿತ ಅಳಿಸಿ, ಕಿವಿಗೆ ಕೇಳಿದ ಹಾಗೆ ಬರೀರಿ ಅಂದ್ರು. ಗ್ರಂಥದ ನಂಟು ಕಣ್ಣಿಗೂ ಕಾಣಬಾರದು ಅಂತ. ಅಂಥ ಶಾಲೆಯ ಮೇಷ್ಟರು ‘ಯಾಶೆರ್ ಕೋಯೆಖ್’ ಅಂದ್ರೆ ಸಿನಗಾಗಿನ ವಾಸನೆ. ಮೊಲೊದ್ಯೆತ್ಸ್ ಅಂದ್ರೆ ಯಾವ ಅಪಾಯವೂ ಇಲ್ಲ. ಹೀಗಿರುವಾಗ ಆ ಮಾತು ಹರಡಿದ್ರೆ ಅದನ್ನ ಒಲವು ಅಂತೀರಾ, ಹೆದರಿಕೆ ಅಂತೀರಾ? ಇಷ್ಟಾದ ಮೇಲೆ 1952ರ ಆಗಸ್ಟ್ 12. ಪೆರೆಟ್ಸ್ ಮಾರ್ಕಿಶ್, ಡೇವಿಡ್ ಬೆರ್ಗೆಲ್ಸನ್, ಲೇಬ್ ಕ್ವಿಟ್ಕೊ ಸೇರಿ 13 ಜನರಿಗೆ ಮಾಸ್ಕೋದಲ್ಲಿ ಮರಣದಂಡನೆ. ಕ್ವಿಟ್ಕೊ ಮಕ್ಕಳ ಕವಿ, ದೊಡ್ಡಪ್ಪ.

ದೊಡ್ಡಪ್ಪ: ಅವನ ಪದ್ಯಗಳು ರಷ್ಯನ್‌ಗೆ ಅನುವಾದವಾಗಿ ಅಲ್ಲಿನ ಮಕ್ಕಳ ಬಾಯಲ್ಲೆಲ್ಲ ಇದ್ದವು. ನಾನಿದ್ದಾಗಲೂ ಓದಿಸ್ತಿದ್ರು. ಕೊಂದಿದ್ದು ಮಾತ್ರ ನಮಗೆ ಯಾರೂ ಹೇಳಲಿಲ್ಲ.

(ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ವಾದದಲ್ಲಿ ಸೋತವರ ಮೌನವಲ್ಲ ಅದು. ಅವರ ಯೌವನದ ಊರನ್ನು ಯಾರೋ ಹೀಗೆ ಎದುರಿಗಿಟ್ಟು ತೂಗಿದ್ದು ಇದೇ ಮೊದಲಿರಬೇಕು.)

ದೊಡ್ಡಪ್ಪ: ನಿನಗೆ ಒಂದು ಕೇಳಲಾ? ಯಿಡ್ಡಿಷ್‌ನ ಮಾತುಗಳಲ್ಲಿ ಬಹುಪಾಲು ಯಾವ ಮೂಲದ್ದು?

ಹುಡುಗಿ: ಜರ್ಮನ್.

ದೊಡ್ಡಪ್ಪ: ಯಿಡ್ಡಿಷ್ ಆಡೋರನ್ನ ಲಕ್ಷಗಟ್ಟಲೆ ಕೊಂದವರ ಭಾಷೆ ಯಾವುದು? 1941ರ ಸೆಪ್ಟೆಂಬರ್ 29, 30ರಂದು ಕೀವ್‌ನ ಬಾಬಿ ಯಾರ್ ಕಮರಿಯಲ್ಲಿ ಎರಡು ದಿನಕ್ಕೆ 33,771 ಜನ. ಲೆಕ್ಕ ಕೊಂದವರೇ ಇಟ್ಟಿದ್ದು. ಆಮೇಲೆ ಬದುಕಿ ಉಳಿದವರು ‘ಬ್ರೊಯ್ಟ್’ ಅನ್ನೋದನ್ನ ಬಿಟ್ಟರಾ? ರೊಟ್ಟಿಗೆ ಬೇರೆ ಹೆಸರಿಟ್ಟರಾ? ಕೈ, ಮನೆ, ನೀರು ಎಲ್ಲಕ್ಕೂ ಹೊಸ ಮಾತು ಹುಡುಕೋಕೆ ಹೋದ್ರಾ? ಯಾರು ಹೊಡೆದರು ಅಂತ ನೋಡಿ ಮಾತುಗಳನ್ನ ಸೋಸೋಕೆ ಹೊರಟರೆ ಆ ಭಾಷೇಲಿ ಉಸಿರಾಡೋಕೂ ಪದ ಉಳಿಯೋಲ್ಲ.

ಹುಡುಗಿ: ಅದು ಎರವಲಲ್ಲ, ಭಾಷೆಯ ಎಲುಬು. ಸಾವಿರ ವರ್ಷದ ಹಿಂದೆ ರೈನ್ ನದಿ ದಂಡೇಲಿ ಕೂಡಿಕೊಂಡಿದ್ದು. ಸೋಸಲಿಲ್ಲ ಅಂತ ಮಾತ್ರ ಹೇಳಬೇಡಿ. ಹೊಸದಾಗಿ ನುಗ್ಗಿದ ಜರ್ಮನ್ ಮಾತುಗಳಿಗೆ ‘ಡೈಚ್‌ಮೆರಿಶ್’ ಅಂತ ಹೆಸರಿಟ್ಟು ಹೊರಗಟ್ಟೋಕೆ ಪಂಡಿತರು ಬಡಿದಾಡಿದ್ದಾರೆ. 1925ರಲ್ಲಿ ವಿಲ್ನಾದಲ್ಲಿ ಶುರುವಾದ ಯಿವೊ ಸಂಸ್ಥೆ ಇದೆಯಲ್ಲ, ಅದರ ಭಾಷಾಪಂಡಿತರಿಗೂ ಆ ಚಿಂತೆ ಇತ್ತು. 1968ರಲ್ಲಿ ಬಂದ ಊರಿಯೆಲ್ ವೈನ್‌ರೈಖ್ ನಿಘಂಟಿನಲ್ಲಿ ಒಪ್ಪಬಹುದೋ ಬಾರದೋ ಅನ್ನೋ ಮಾತುಗಳಿಗೆ ಗುರುತು ಹಾಕಿದ್ದಾರೆ. ಪಾಪ, ಅಚ್ಚಾಗೋದನ್ನ ನೋಡೋಕೆ ಅವರು ಇರಲಿಲ್ಲ. ನಲವತ್ತಕ್ಕೇ ಹೋದ್ರು.

ದೊಡ್ಡಪ್ಪ: ಪಂಡಿತರು ಗುರುತು ಹಾಕ್ತಾರೆ, ಅಜ್ಜಿಯರು ಅಳಿಸ್ತಾರೆ. ನಮ್ಮ ಹಾಸ್ಟೆಲಿನ ಹಿಂದೆ ಒಬ್ಬ ಅಜ್ಜಿ ಇದ್ಲು, ಬಟ್ಟೆ ರಿಪೇರಿ ಮಾಡಿಕೊಡ್ತಿದ್ಲು. ತಂಗಿ ಜೊತೆ ಮೆಲ್ಲಗೆ ಯಿಡ್ಡಿಷ್ ಆಡೋಳು, ನಾವು ಒಳಗೆ ಕಾಲಿಟ್ರೆ ರಷ್ಯನ್‌ಗೆ ಬರೋಳು. ಮೊಮ್ಮಗ ಸೂಜಿಗೆ ದಾರ ಪೋಣಿಸಿಕೊಟ್ರೆ ‘ಮಲದ್ಯೆತ್ಸ್’ ಅನ್ನೋಳು. ಅವಳು ಯಾವ ಭಾಷೇಲಿ ಅಂದಳು ಅಂತ ಆಗ ನಾನು ಯೋಚಿಸಿಯೇ ಇರಲಿಲ್ಲ.

ಹುಡುಗಿ: ಇದನ್ನೇ ನಾನು ಹೇಳ್ತಿರೋದು. ಆ ಮೊಮ್ಮಗನಿಗೆ ಅಜ್ಜಿ ಭಾಷೇಲಿ ಉಳಿದಿದ್ದು ಯಾವ ಮಾತು? ರಷ್ಯನ್ ಜೊತೆ ಬೆರೆತರೆ ಗುರುತೇ ಸಿಗದ ಈ ಮಾತು. ಒಂದು ಮಾತು ಎರವಲು ತಂದು, ತೀರಿಸುವಾಗ ಮನೆಯನ್ನೇ ಬರೆದುಕೊಟ್ಟ ಹಾಗೆ ಆಯ್ತು.

ದೊಡ್ಡಪ್ಪ: ಬರೆದುಕೊಟ್ಟರು ಅನ್ನಬೇಡ. ಅರ್ಧ ಮನೆ ಸುಟ್ಟರು, ಉಳಿದರ್ಧಕ್ಕೆ ಬೀಗ ಹಾಕಿದರು. ಅದಕ್ಕೆ ಪಾಪದ ಒಂದು ಶಭಾಷನ್ನ ಹೊಣೆ ಮಾಡ್ತೀಯಾ? ಇವತ್ತು ಯಿಡ್ಡಿಷ್ ಎಲ್ಲಿ ಮಕ್ಕಳ ಬಾಯಲ್ಲಿದೆ?

ಹುಡುಗಿ: ಬ್ರೂಕ್ಲಿನ್‌ನ ಹಸಿದಿಮ್ ಅನ್ನೋ ಕಟ್ಟಾ ಸಂಪ್ರದಾಯದ ಯೆಹೂದಿಗಳ ಮನೆಗಳಲ್ಲಿ. ಹೆಚ್ಚಿನವರ ಹಿರಿಯರು ಹಂಗೆರಿ ಕಡೆಯವರು, ರಷ್ಯದ ದೊರೆಯನ್ನ ಕಂಡವರಲ್ಲ. ಅವರು ‘ಶ್ಕೋಯೆಖ್’ ಅಂತಾರೆ, ಯಾಶೆರ್ ಕೋಯೆಖ್ ಸವೆದು ಹಾಗಾಗಿದ್ದು. ಅದಕ್ಕೀಗ ಶಭಾಷ್‌ಗಿಂತ ‘ಥ್ಯಾಂಕ್ಸ್’ ಅನ್ನೋ ಅರ್ಥವೇ ಹೆಚ್ಚು.

ದೊಡ್ಡಪ್ಪ: ಸರಿ, ನೀನು ನಾಳೆ ಆ ಭಾಷೇಲಿ ಒಂದು ಕತೆ ತಪ್ಪಿಲ್ಲದೆ ಓದಿದೆ ಅಂತ ಇಟ್ಕೋ. ನಿನಗೆ ಏನನ್ನಬೇಕು?

ಹುಡುಗಿ: ಯಾಶೆರ್ ಕೋಯೆಖ್ ಅನ್ನಲಿ.

ದೊಡ್ಡಪ್ಪ: ಆ ಜನರ ಸಿನಗಾಗ್‌ನಲ್ಲಿ ತೋರಾ ಓದೋಕೆ ಹುಡುಗಿಯರನ್ನ ಕರೀತಿದ್ರಾ?

ಹುಡುಗಿ: ...ಇಲ್ಲ. ಹೆಣ್ಣಿಗೆ ಅಂತ ‘ಬೆರ್ಯೆ’ ಇದೆ. ಮನೆವಾರ್ತೆಯಲ್ಲಿ ಚುರುಕಾದವಳು ಅಂತ.

ದೊಡ್ಡಪ್ಪ: ಓಹೋ, ಕತೆ ಓದಿದವಳಿಗೆ ಸೌಟು ಬಹುಮಾನ! ನಿನ್ನ ಮನೆ ಮಾತುಗಳಲ್ಲಿ ಒಂದು ನಿನ್ನನ್ನ ಒಳಗೇ ಸೇರಿಸೋಲ್ಲ, ಇನ್ನೊಂದು ಅಡುಗೆಮನೆ ದಾಟೋಕೆ ಬಿಡೋಲ್ಲ. ಮೊಲೊದ್ಯೆತ್ಸ್ ಗಂಡಿನ ಅಂಗಿ ಇರಬಹುದು, ಆದ್ರೆ ಹಾಕ್ಕೋಬೇಡ ಅಂತ ಯಾರೂ ಕೈ ಹಿಡಿಯೋಲ್ಲ.

ಹುಡುಗಿ: ನೀವು ಹೀಗೆ ಮೂಲೆಗೆ ಒತ್ತಿದ್ರೆ ನಾನೂ ಬಿಡೋಳಲ್ಲ. ಮೊಲೊದ್ಯೆತ್ಸ್ ಅನ್ನಲಿ, ಹಿಂದೆಯೇ ‘ಕಿನೆಹೋರೆ’ ಅಂತ ಸೇರಿಸಲಿ. ಮಕ್ಕಳನ್ನ ಹೊಗಳಿದ್ರೆ ದೃಷ್ಟಿ ತಾಗದಿರಲಿ ಅಂತ ಅಂಟಿಸೋ ಮಾತು ಅದು. ಅದರ ‘ಕೇನ್’ ಜರ್ಮನ್‌ನದು, ‘ಕೆಟ್ಟ ಕಣ್ಣು’ ಅನ್ನೋ ಉಳಿದ ಭಾಗ ಹೀಬ್ರೂ. ಎರಡನ್ನೂ ಸೇರಿಸಿ ಮಾಸ್ಕೋದಲ್ಲಿ ಅಂದ್ರೆ ಒಬ್ಬ ಅಧಿಕಾರಿಗೂ ತಿಳಿಯೋಲ್ಲ.

ದೊಡ್ಡಪ್ಪ: ತಿಳಿಯೋಲ್ಲ ಅಂತ ನೀನು ಅಂದ್ಕೊಂಡಿದ್ದೀಯ. ಮೊದಲನೇ ಮಾತು ಕಿವಿಗೆ ಬೀಳ್ತಿದ್ದ ಹಾಗೇ ಅವನು ಮೀಸೆ ತಿರುವಿಕೊಂಡು ನಗ್ತಾನೆ.

ಹುಡುಗಿ: ಎರಡನೇ ಮಾತು ಬಂದಿರೋದೇ ಅಂಥವನ ಕಣ್ಣಿಗೆ, ದೊಡ್ಡಪ್ಪ.